ಆಪತ್ಕಾಲಕ್ಕೆ ಮೂರು ತಿಂಗಳ ಕಾಳು



2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ ನದಿಗಳು ಉಕ್ಕಿದಾಗ ದಂಡೆಯ ಊರುಗಳಲ್ಲಿ ಮನೆಯೊಳಗಿನ ಜೋಳದ ಚೀಲಗಳೂ ನೀರುಪಾಲಾದವು. ಅನ್ನ ಬೆಳೆದವರೇ ಗಂಜಿ ಕೇಂದ್ರಗಳಲ್ಲಿ ಸಾಲು ನಿಲ್ಲಬೇಕಾಯಿತು.

ಈಗ ಕೆಲವು ಮನೆಗಳಿಗೆ ಡೀಪ್ ಫ್ರೀಜರ್ ಬಂದಿದೆ. ಆದರೆ ಕರೆಂಟು ಹೋದರೆ, ತುಂಬಿದ ಫ್ರೀಜರಿನ ಬಾಗಿಲು ತೆರೆಯದಿದ್ದರೂ ಪದಾರ್ಥ ಕೆಡದೆ ಉಳಿಯುವುದು ಸುಮಾರು 48 ಗಂಟೆ ಮಾತ್ರ. ಚೆನ್ನಾಗಿ ಒಣಗಿದ ಕಾಳಿಗೆ ಕರೆಂಟಿನ ಹಂಗಿಲ್ಲ.

ಎಷ್ಟು ಇಡಬೇಕು? ತಲಾ ದಿನಕ್ಕೆ 400 ಗ್ರಾಂನಂತೆ ಐದು ಮಂದಿಗೆ ತಿಂಗಳಿಗೆ 60 ಕಿಲೋ ಜೋಳ ಅಥವಾ ರಾಗಿ ಬೇಕು. ಮೂರು ತಿಂಗಳಿಗೆ 180 ಕಿಲೋ. ಫಸಲು ಮಾರುವ ಮುನ್ನವೇ ಇಷ್ಟನ್ನು ತೆಗೆದಿಡಿ.

ತೇವಾಂಶ ಶೇ. 12ಕ್ಕಿಂತ ಕಡಿಮೆಯಾಗುವಂತೆ ಕಾಳನ್ನು ಬಿಸಿಲಿಗೆ ಹರವಿ ಒಣಗಿಸಿ. ಜೋಳವನ್ನು ಹಲ್ಲಿನಿಂದ ಕಡಿದಾಗ ‘ಕಟ್’ ಎಂದು ಒಡೆಯಬೇಕು. ಬಿಸಿ ಆರಿದ ಮೇಲೆಯೇ ಚೀಲಕ್ಕೆ ತುಂಬಿ. ತೊಗರಿ, ಹೆಸರು ಮುಂತಾದ ಕಾಳುಗಳಿಗೆ ಕಿಲೋಗೆ ಒಂದು ಟೀ ಚಮಚ ಅಡುಗೆ ಎಣ್ಣೆ ಸವರಿದರೆ ಹುಳು ಬೀಳುವುದು ಕಡಿಮೆ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ ಇಡಿ. ಹೊಳೆದಂಡೆಯವರು ಹಗೇವನ್ನು ನಂಬದೆ ಗಟ್ಟಿ ಅಟ್ಟಕ್ಕೇರಿಸಬೇಕು.

ಔಷಧಿ ಹಚ್ಚಿದ ಬಿತ್ತನೆ ಬೀಜವನ್ನು ಇದರೊಡನೆ ಇಡಲೇಬೇಡಿ. ತೊಳೆದರೂ ಅದು ತಿನ್ನಲು ಯೋಗ್ಯವಲ್ಲ.

ಹೊಸ ಫಸಲು ಬಂದಾಗ ಹಳೆಯದನ್ನು ಉಂಡು ಹೊಸದನ್ನು ತುಂಬಿ. ಒಳ್ಳೆಯ ಬೆಲೆ ಬಂತೆಂದು ಈ ಚೀಲಗಳನ್ನು ಮಾತ್ರ ಸಂತೆಗೆ ಒಯ್ಯಬೇಡಿ.