ಎಲೆಕ್ಟ್ರಾನ್ ಕಳಚುವ ಲೇಸರ್

ಅಮೆರಿಕದ ಟೆನೆಸಿ ರಾಜ್ಯದ ಓಕ್ ರಿಜ್ ಪ್ರಯೋಗಾಲಯದಲ್ಲಿ ನ್ಯೂಟ್ರಾನ್‌ಗಳನ್ನು ಹೊಮ್ಮಿಸುವ ದೊಡ್ಡ ವೇಗವರ್ಧಕವಿದೆ. ಅದರಲ್ಲಿ ಮೊದಲು ಓಡುವುದು ಬರಿಯ ಪ್ರೋಟಾನ್ ಅಲ್ಲ, ಎರಡು ಎಲೆಕ್ಟ್ರಾನ್‌ಗಳನ್ನು ಹೊತ್ತ ಹೈಡ್ರೋಜನ್ ಋಣ ಅಯಾನು. ಕಾರಣ, ಕಣಗಳನ್ನು ಕೂಡಿಹಾಕುವ ಉಂಗುರದಲ್ಲಿ ಆಗಲೇ ಸುತ್ತುತ್ತಿರುವ ಪ್ರೋಟಾನ್‌ಗಳ ದಾರಿಗೇ ಹೊಸ ಪ್ರೋಟಾನ್‌ಗಳನ್ನು ತಿರುಗಿಸುವ ಅಯಸ್ಕಾಂತವು ಹಳೆಯವನ್ನು ದಾರಿ ತಪ್ಪಿಸಿಬಿಡುತ್ತದೆ. ಋಣ ಅಯಾನು ಬಾಗುವುದು ವಿರುದ್ಧ ದಿಕ್ಕಿಗೆ. ಹಾಗಾಗಿ ಎರಡನ್ನೂ ಒಂದೇ ಪಥಕ್ಕೆ ತಂದು, ಅಲ್ಲಿ ಎಲೆಕ್ಟ್ರಾನ್‌ಗಳನ್ನು ಕಳಚಬಹುದು.

ಸದ್ಯ ಕಳಚುವ ಕೆಲಸ ತೆಳುವಾದ ಇಂಗಾಲದ ಹಾಳೆಯದು. ಕಣಪುಂಜ ಪ್ರಬಲವಾದಷ್ಟೂ ಹಾಳೆ ಕಾದು ಕೆಡುತ್ತದೆ. ಅದಕ್ಕೆ ತಾಗಿ ಚದುರಿದ ಕಣಗಳು ಸುತ್ತಲಿನ ಯಂತ್ರಭಾಗಗಳನ್ನು ವಿಕಿರಣಶೀಲವಾಗಿಸುತ್ತವೆ. ಹಾಳೆಯ ಬದಲು ಲೇಸರ್ ಬೆಳಕನ್ನು ಬಳಸಿದರೆ ಈ ತೊಂದರೆಯಿಲ್ಲ.

ಆದರೆ ಲೇಸರ್ ಒಂದೇ ಏಟಿಗೆ ಎಲ್ಲವನ್ನೂ ಕೀಳುವುದಿಲ್ಲ. ಹೊರಗಿನ ಎಲೆಕ್ಟ್ರಾನಿನ ಬಂಧ ಸುಮಾರು 0.75 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಬಲವಾದ ಅಯಸ್ಕಾಂತವೇ ಅದನ್ನು ಕಿತ್ತುಬಿಡುತ್ತದೆ. ಉಳಿದದ್ದರ ಬಂಧ 13.6, ಇದು ಅಷ್ಟಕ್ಕೆ ಜಗ್ಗದು. ಲೇಸರ್ ಅದನ್ನು ಮೂರನೆಯ ಶಕ್ತಿಮಟ್ಟಕ್ಕೇರಿಸಿ ಹಿಡಿತ ಸಡಿಲಿಸುತ್ತದೆ, ಇನ್ನೊಂದು ಅಯಸ್ಕಾಂತ ಬಿಡಿಸುತ್ತದೆ. ಹಾಗೆ ಮೇಲೇರಿಸಲು ಬೇಕಾದಷ್ಟು ಶಕ್ತಿ ಈ ಲೇಸರಿನ 355 ನ್ಯಾನೋಮೀಟರಿನ ಅತಿನೇರಳೆ ಬೆಳಕಿಗಿಲ್ಲ. ಇಲ್ಲಿ ನೆರವಾಗುವುದು ಸಾಪೇಕ್ಷತಾ ಸಿದ್ಧಾಂತ: ಬೆಳಕಿನ ವೇಗದ ಶೇ. 87ರಷ್ಟು ವೇಗದಲ್ಲಿ ಎದುರು ಬರುವ ಪರಮಾಣುವಿಗೆ ಅದೇ ಬೆಳಕು ಸುಮಾರು ಮೂರೂವರೆ ಪಟ್ಟು ಶಕ್ತಿಯುತವಾಗಿ ಕಾಣುತ್ತದೆ. ಉಪಾಯ ಸೊಗಸಾದದ್ದೇ.

ಈ ಉಪಾಯದ ಪ್ರಯೋಗದಲ್ಲಿ 2006ರಲ್ಲಿ ಕೆಲವೇ ನ್ಯಾನೋಸೆಕೆಂಡುಗಳ ಪುಂಜದಲ್ಲಿ ಸುಮಾರು ಶೇ. 90ರಷ್ಟು ಯಶಸ್ಸು ಸಿಕ್ಕಿತು. 2016ರಲ್ಲಿ 10 ಮೈಕ್ರೋಸೆಕೆಂಡಿನ ಪುಂಜಕ್ಕೆ ಶೇ. 95ನ್ನೂ ದಾಟಿತು. ಯಂತ್ರದ ನಿಜವಾದ ಸ್ಪಂದ ಸುಮಾರು ಒಂದು ಮಿಲಿಸೆಕೆಂಡಿನದು, ಸೆಕೆಂಡಿಗೆ 60 ಸಲ ಬರುವಂಥದ್ದು. ಅಷ್ಟು ಹೊತ್ತು ಸಾಲುವ ಲೇಸರ್ ಶಕ್ತಿಯನ್ನು ಒದಗಿಸುವುದೇ ಕಷ್ಟ.