ಕಿಡ್ನಿಗೆ ಸೂಜಿ, ರಾತ್ರಿಯಿಡೀ ಕಾವಲು

ಕಿಡ್ನಿ ಬಯಾಪ್ಸಿ ಅರ್ಧ ಗಂಟೆಯೊಳಗೆ ಮುಗಿಯುವ ಕೆಲಸ. ರೋಗಿಯನ್ನು ಬೋರಲು ಮಲಗಿಸಿ ಬೆನ್ನಿಗೆ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ‘ಉಸಿರು ಹಿಡಿದುಕೊಳ್ಳಿ’ ಎನ್ನುತ್ತಾರೆ. ಟಪ್ಪೆಂದು ಒಂದು ಸದ್ದು. ಪರೀಕ್ಷೆಗೆ ಬೇಕಾದ, ಕಿಡ್ನಿಯ ದಾರದೆಳೆಯಂಥ ತುಣುಕು ಹೊರಗೆ ಬಂದಿರುತ್ತದೆ. ಆದರೂ ಎಷ್ಟೋ ಆಸ್ಪತ್ರೆಗಳಲ್ಲಿ ಆ ರಾತ್ರಿ ಮನೆಗೆ ಬಿಡುವುದಿಲ್ಲ. ಬಿಲ್ ಏರಿಸುವ ಉಪಾಯವಿದು ಎಂದು ಗೊಣಗುವವರುಂಟು. ಆದರೆ ಈ ಕಾವಲಿನ ಹಿಂದಿರುವುದು ರಕ್ತಸ್ರಾವದ ಭಯ.

ಒಂದೊಂದು ಕಿಡ್ನಿ ತೂಗುವುದು ಸುಮಾರು 150 ಗ್ರಾಂ. ಆದರೆ ಹೃದಯ ಪಂಪ್ ಮಾಡುವ ರಕ್ತದಲ್ಲಿ ಐದನೇ ಒಂದು ಪಾಲು, ಅಂದರೆ ನಿಮಿಷಕ್ಕೆ ಒಂದು ಲೀಟರಿನಷ್ಟು, ಈ ಜೋಡಿಗೇ ಹೋಗುತ್ತದೆ. ಅಲ್ಲಿ ಸೂಜಿ ಆಡಿದರೆ ಒಂದಿಷ್ಟು ರಕ್ತ ಒಸರಿಯೇ ಒಸರುತ್ತದೆ. ಕೈಯ ಗಾಯವಾದರೆ ಒತ್ತಿ ಹಿಡಿಯಬಹುದು, ಬೆನ್ನಿನಾಳದ ಕಿಡ್ನಿಯನ್ನು ಒತ್ತುವುದೆಲ್ಲಿ?

ಈ ಪರೀಕ್ಷೆಯ ಆರಂಭದ ದಿನಗಳಲ್ಲಿ, ಸ್ವೀಡನ್ನಿನ ಲುಂಡ್‌ನಲ್ಲಿ ವೈದ್ಯ ನಿಲ್ಸ್ ಆಲ್ವಾಲ್ 1944ರಲ್ಲಿ 13 ರೋಗಿಗಳ ಮೇಲೆ ಸೂಜಿ ಬಯಾಪ್ಸಿ ಮಾಡಿದರು. ಒಬ್ಬರು ತೀರಿಕೊಂಡ ಮೇಲೆ ಅದನ್ನು ಕೈಬಿಟ್ಟರು. ವರದಿ ಪ್ರಕಟಿಸಿದ್ದು 1952ರಲ್ಲಿ. ಅಷ್ಟರೊಳಗೆ, 1951ರಲ್ಲಿ, ಕೋಪನ್‌ಹೇಗನ್‌ನ ಪೌಲ್ ಈವರ್ಸನ್ ಮತ್ತು ಕ್ಲಾಸ್ ಬ್ರೂನ್ ತಮ್ಮ ವಿಧಾನವನ್ನು ಲೋಕದ ಮುಂದಿಟ್ಟಿದ್ದರು. ರೋಗಿಯನ್ನು ಕೂರಿಸಿಕೊಂಡು ಸೂಜಿಯಿಂದ ಅಂಗಾಂಶ ಹೀರುತ್ತಿದ್ದರು. ಪರೀಕ್ಷೆಗೆ ಸಾಲುವಷ್ಟು ತುಣುಕು ಎಷ್ಟೋ ಸಲ ಸಿಗುತ್ತಲೇ ಇರಲಿಲ್ಲ.

1954ರಲ್ಲಿ ಶಿಕಾಗೊದ ರಾಬರ್ಟ್ ಕಾರ್ಕ್ ಮತ್ತು ರಾಬರ್ಟ್ ಮ್ಯೂರ್ಕ್ ರೋಗಿಯನ್ನು ಬೋರಲು ಮಲಗಿಸಿದರು. ಮೊದಲು ತೆಳು ಸೂಜಿಯೊಂದನ್ನು ಇಳಿಸಿ, ಉಸಿರಿನ ಜೊತೆ ಅದು ತೂಗಾಡಿದರೆ ತುದಿ ಕಿಡ್ನಿ ಮುಟ್ಟಿದೆಯೆಂದು ಗುರುತು ಹಿಡಿದರು. ಆಮೇಲೆ ಕತ್ತರಿಸುವ ಸೂಜಿ. ನೂರಕ್ಕೆ 96 ಸಲ ತುಣುಕು ದಕ್ಕಿತು. ಮುಂದೆ ಅಲ್ಟ್ರಾಸೌಂಡ್ ಬಂದು ಕುರುಡು ಚುಚ್ಚುವಿಕೆ ತಪ್ಪಿತು; ಸ್ಪ್ರಿಂಗ್ ಇರುವ ಬಯಾಪ್ಸಿ ಗನ್ ಬಂದು ಕೈನಡುಕದ ಚಿಂತೆ ಇಳಿಯಿತು.

ರಕ್ತ ಮಾತ್ರ ಯಾವಾಗ ಎಂದು ಹೇಳಿ ಬರುವುದಿಲ್ಲ. ಅದೇ ಶಿಕಾಗೊದ ವಿಟಿಯರ್ ಮತ್ತು ಕೋರ್ಬೆಟ್ 750 ಬಯಾಪ್ಸಿಗಳ ಲೆಕ್ಕವನ್ನು 2004ರಲ್ಲಿ ಪ್ರಕಟಿಸಿದರು. ತೊಡಕುಗಳಲ್ಲಿ ಮೊದಲ 8 ಗಂಟೆಯೊಳಗೆ ಗೊತ್ತಾದವು ಶೇ 67 ಮಾತ್ರ. 24 ಗಂಟೆ ಕಾದಾಗ ಶೇ 90ರ ಹತ್ತಿರ ಬಂತು. ಸಂಜೆಗೇ ಮನೆಗೆ ಕಳಿಸಿದ್ದರೆ ಮೂರರಲ್ಲೊಂದು ತೊಡಕು ಮನೆಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ರಾತ್ರಿಯ ಕಾವಲಿಗೆ ಬಲವಾದ ಆಧಾರ ಸಿಕ್ಕಿದ್ದು ಇಲ್ಲಿ.

ಆದ್ದರಿಂದಲೇ ವಾರ್ಡಿನಲ್ಲಿ ರೋಗಿ ಅಂಗಾತ ಮಲಗಿರಬೇಕು. ನರ್ಸ್ ಮೊದಮೊದಲು ಕಾಲು ಗಂಟೆಗೊಮ್ಮೆ, ಆಮೇಲೆ ಅಂತರ ಬಿಟ್ಟು, ಬಿಪಿ ಮತ್ತು ನಾಡಿ ನೋಡುತ್ತಾರೆ. ಪ್ರತಿ ಸಲದ ಮೂತ್ರವನ್ನೂ ಬೇರೆ ಬೇರೆ ಬಾಟಲಿಯಲ್ಲಿ ಸಾಲಾಗಿ ಇಡುವ ರೂಢಿಯೂ ಇದೆ: ಕೆಂಪು ತಿಳಿಯಾಗುತ್ತಿದೆಯೋ, ಗಾಢವಾಗುತ್ತಿದೆಯೋ ಎಂದು ಒಂದೇ ನೋಟಕ್ಕೆ ತಿಳಿಯಲಿ ಎಂದು. ಹಿಮೋಗ್ಲೋಬಿನ್ ಇಳಿದರೆ ಮತ್ತೆ ಸ್ಕ್ಯಾನಿಂಗ್. ರಕ್ತ ನಿಲ್ಲದಿದ್ದರೆ ತೊಡೆಯ ರಕ್ತನಾಳದ ಮೂಲಕ ಕೊಳವೆ ತೂರಿಸಿ ಸೋರುವ ನಾಳವನ್ನು ಮುಚ್ಚುತ್ತಾರೆ.

ಹಾಗೆಂದು ಹೆದರಿ ಬಯಾಪ್ಸಿ ಮುಂದೂಡಬೇಕಿಲ್ಲ. 1,18,064 ಬಯಾಪ್ಸಿಗಳನ್ನು ಒಟ್ಟುಗೂಡಿಸಿದ 2020ರ ವಿಶ್ಲೇಷಣೆಯ ಪ್ರಕಾರ ಮೂತ್ರದಲ್ಲಿ ಕಣ್ಣಿಗೆ ಕಾಣುವಷ್ಟು ರಕ್ತ ಹೋದವರು ಶೇ 3.5, ರಕ್ತ ಕೊಡಬೇಕಾಗಿ ಬಂದವರು ಶೇ 1.6, ಸಾವು ಹತ್ತು ಸಾವಿರಕ್ಕೆ 6. ಅಪಾಯ ಕಡಿಮೆ ಇರುವವರನ್ನು ಅದೇ ದಿನ ಮನೆಗೆ ಕಳಿಸುವ ಆಸ್ಪತ್ರೆಗಳೂ ಇವೆ.

ಬಯಾಪ್ಸಿಗೆ ಹೊರಟವರು ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್, ನೋವಿನ ಮಾತ್ರೆ, ನಾಟಿ ಔಷಧಿ, ಏನು ನುಂಗುತ್ತಿದ್ದರೂ ಡಾಕ್ಟರಿಗೆ ಮೊದಲೇ ಹೇಳಿ, ತಾವಾಗಿಯೇ ನಿಲ್ಲಿಸಬೇಡಿ. ಬಿಪಿ ಹತೋಟಿಯಲ್ಲಿರಲಿ. ಮನೆಗೆ ಬಂದ ಮೇಲೂ ಡಾಕ್ಟರು ಹೇಳಿದಷ್ಟು ದಿನ ಭಾರ ಎತ್ತಬೇಡಿ. ಮೂತ್ರ ಕೆಂಪಾದರೆ, ಪಕ್ಕೆ ನೋವು ಜೋರಾದರೆ, ತಲೆ ಸುತ್ತಿ ಬಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.