ಶಾಲೆಯ ಸಮಿತಿಯೂ ಹದಿನಾರರ ಮತವೂ

ತಮ್ಮತಂಗಿಯರಿಗೆ ತಲೆ ಬಾಚಿ, ಬುತ್ತಿ ಕಟ್ಟಿ, ಪಾಠ ಒಪ್ಪಿಸಿಕೊಂಡು ಶಾಲೆಗೆ ಕಳುಹಿಸುವ ಹದಿನಾರು ವರ್ಷದ ಮಗಳಿಗೆ ಆ ಶಾಲೆಯ ಆಡಳಿತದಲ್ಲಿ ಒಂದು ಮತವಿರಬಾರದೆ? ಗೃಹಸ್ಥರು ಆಲೋಚಿಸತಕ್ಕ ಪ್ರಶ್ನೆಯಿದು.

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿರುವುವಷ್ಟೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಮೇರೆಗೆ ಇಂಥ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ತಂದೆತಾಯಿಗಳು ಅಥವಾ ಪೋಷಕರಾಗಿರತಕ್ಕದ್ದು. ಅರ್ಧದಷ್ಟು ಮಂದಿ ಸ್ತ್ರೀಯರಾಗಿರತಕ್ಕದ್ದು. ಶಾಲೆ ನಡೆಯುವ ರೀತಿಯನ್ನು ನೋಡುವುದು, ಅದರ ಅಭಿವೃದ್ಧಿಗೆ ಯೋಜನೆ ಹಾಕುವುದು, ಬಂದ ಹಣ ಹೇಗೆ ವೆಚ್ಚವಾಯಿತೆಂದು ವಿಚಾರಿಸುವುದು, ಇವು ಸಮಿತಿಯ ಕೆಲಸಗಳು.

ಏರ್ಪಾಡು ಒಳ್ಳೆಯದೇ. ಆದರೆ ಹ್ಯಾಂಡ್‌ಪೋಸ್ಟ್ ಇರುವ ಹೆಗ್ಗಡದೇವನಕೋಟೆಯ ಸೀಮೆಯಿಂದಲೂ, ಹುಣಸೂರು, ಪಿರಿಯಾಪಟ್ಟಣಗಳ ಹಾಡಿಗಳಿಂದಲೂ ಅನೇಕ ತಂದೆತಾಯಿಗಳು ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುವರು. ಸಭೆಯ ದಿವಸ ಅವರು ಊರಿನಲ್ಲಿಲ್ಲದಿದ್ದರೆ ಆ ಮನೆಯ ಮಾತು ಸಭೆಗೆ ಮುಟ್ಟುವುದೆಂತು? ಕುಡಿಯುವ ನೀರು ಬರುವುದೆ, ಹೆಣ್ಣುಮಕ್ಕಳ ಶೌಚಗೃಹಕ್ಕೆ ಅಗುಳಿಯಿದೆಯೆ, ಮಧ್ಯಾಹ್ನದ ಊಟ ಸಾಲುವುದೆ ಎಂಬುದನ್ನು ಎರಡು ವರ್ಷದ ಹಿಂದೆ ಅದೇ ಶಾಲೆಯನ್ನು ಬಿಟ್ಟ ಅಕ್ಕನೋ ಅಣ್ಣನೋ ಚೆನ್ನಾಗಿ ಬಲ್ಲರು.

ಇದು ಎಲ್ಲಿಯೂ ನಡೆಯದ ಮಾತಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ ಬರ್ಕ್‌ಲಿ ನಗರದವರು 2016ರಲ್ಲಿಯೂ, ಓಕ್ಲೆಂಡಿನವರು 2020ರಲ್ಲಿಯೂ, ಶಾಲಾ ಮಂಡಲಿಯ ಚುನಾವಣೆಯ ಮಟ್ಟಿಗೆ 16 ವರ್ಷದವರಿಗೂ ಮತವಿರಲೆಂದು ಒಪ್ಪಿದರು. 2024ರ ನವೆಂಬರಿನಲ್ಲಿ ಆ ಎಳೆಯರು ಮೊದಲ ಸಲ ಮತವಿತ್ತರು. ನಮ್ಮ ದೇಶದಲ್ಲಿಯೂ ಕೆಲವು ರಾಜ್ಯಗಳು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ 18 ವರ್ಷವನ್ನು ಮೊದಲೇ ಅಂಗೀಕರಿಸಿದ್ದುವು. ಬಳಿಕ, 1989ರಲ್ಲಿ, ಸಂವಿಧಾನದ 61ನೆಯ ತಿದ್ದುಪಡಿಯು ಲೋಕಸಭೆಗೂ ವಿಧಾನಸಭೆಗಳಿಗೂ 21ರ ಬದಲು 18ನ್ನು ಗೊತ್ತುಮಾಡಿತು. ಊರಿನಲ್ಲಿ ಪರೀಕ್ಷಿಸಿದ್ದು ದೇಶಕ್ಕೆ ನಡೆದುಬಂದಿತು.

ಊರಿನ ಕಕ್ಷಿಗಳ ಜಗಳಕ್ಕೆ ಎಳೆಯರನ್ನು ಸಿಲುಕಿಸಬಾರದೆಂದು ಹಿರಿಯರು ಹೇಳುವರು. ಈ ಆಕ್ಷೇಪ ನಿರಾಧಾರವಲ್ಲ. ಆದಕಾರಣ ಅಧಿಕಾರ ಮಿತವಾಗಿರಲಿ: ಉಮೇದುವಾರಿಕೆ ಬೇಡ, ಮತವು ಗುಪ್ತವಾಗಿರಲಿ, ತಂದೆತಾಯಿಗಳು ಪರಸ್ಥಳದಲ್ಲಿದ್ದಾಗ ಮಾತ್ರ, 16 ತುಂಬಿದ ಒಡಹುಟ್ಟಿದವರೊಬ್ಬರು ಆ ಮನೆಯ ಮತವನ್ನು ಕೊಡಲಿ.

ನಿಯಮ ಬದಲಾಗುವವರೆಗೆ ಕಾದಿರಬೇಕಾದುದೂ ಇಲ್ಲ. ಮುಂದಿನ ಸಭೆಗೆ ಹೊರಡುವ ಮುನ್ನ ಮನೆಯ ಮಕ್ಕಳನ್ನು ಕೂರಿಸಿಕೊಂಡು, ಶಾಲೆಯಲ್ಲಿ ಏನು ಕೊರತೆಯೆಂದು ಕೇಳಿ, ಅವರ ಮಾತನ್ನು ಸಭೆಯಲ್ಲಿ ಆಡಿರಿ. ಅದಕ್ಕೆ ಯಾವ ಕಾಯಿದೆಯ ಅಪ್ಪಣೆಯೂ ಬೇಕಿಲ್ಲ.